ಮಿಂಟ್ ಹಾಕಲು ಹೋದರೆ ಲ್ಯಾಪ್‌ಟಾಪ್ ಕೀಬೋರ್ಡ್ ಕೆಲಸ ಮಾಡುತ್ತಿಲ್ಲ, ವಿಂಡೋಸ್‌ನಲ್ಲಿ ಸರಿ ಇದೆ

ಗಣಿತ ಟೀಚರ್, ಹನುಮಂತನಗರ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದೆ. ಅದರಲ್ಲಿ ಜಿಯೋಜೀಬ್ರಾ ತೆರೆದು ಮಕ್ಕಳಿಗೆ ವೃತ್ತ, ಸ್ಪರ್ಶಕ ಎಲ್ಲ ತೋರಿಸಿ ನನಗೆ ಅದೇ ಅಭ್ಯಾಸ ಆಗಿದೆ. ಮನೆಯಲ್ಲೂ ಲಿನಕ್ಸ್ ಇದ್ದರೆ ಚೆನ್ನ ಅಂತ ಎಸ್.ಪಿ. ರಸ್ತೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ರೈಝೆನ್ 5 6600ಎಚ್, 16 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 11 ಇದೆ. ಅದನ್ನು ತೆಗೆಯುವುದಿಲ್ಲ, ಪಕ್ಕದಲ್ಲಿ ಲಿನಕ್ಸ್ ಹಾಕುವ ಆಸೆ.

ನಮ್ಮ ಬಿಲ್ಡಿಂಗಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಲಿನಕ್ಸ್ ಮಿಂಟ್ 21.3 ಇರುವ ಪೆನ್‌ಡ್ರೈವ್ ಕೊಟ್ಟ. ಅದರಿಂದ ಬೂಟ್ ಮಾಡಿದರೆ ಮೊದಲು ಕಪ್ಪು ಮೆನು ಬರುತ್ತದೆ. ಅಲ್ಲಿ ಬಾಣದ ಕೀ, ಎಂಟರ್ ಎರಡೂ ಕೆಲಸ ಮಾಡುತ್ತವೆ. ಆಮೇಲೆ ಮಿಂಟ್ ಡೆಸ್ಕ್‌ಟಾಪ್ ಬರುತ್ತದೆ. ಅಲ್ಲಿಂದ ಮುಂದೆ ಕೀಬೋರ್ಡ್ ಪೂರ್ತಿ ಸ್ತಬ್ಧ. ಒಂದು ಅಕ್ಷರವೂ ಬೀಳುವುದಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪವೂ ಹತ್ತುವುದಿಲ್ಲ. ಟಚ್‌ಪ್ಯಾಡ್ ಮಾತ್ರ ಆರಾಮಾಗಿ ಓಡುತ್ತದೆ. ಅದರಲ್ಲೇ ಇನ್‌ಸ್ಟಾಲ್ ಐಕಾನ್ ಒತ್ತಿ ಭಾಷೆಯ ಪುಟ ದಾಟಿದೆ. ಕೀಬೋರ್ಡ್ ಪರೀಕ್ಷೆ ಮಾಡಲು ಒಂದು ಚೌಕ ಕೊಟ್ಟಿದ್ದಾರಲ್ಲ, ಅದರಲ್ಲೂ ಏನೂ ಮೂಡಲಿಲ್ಲ. ವೈಫೈ ಪಾಸ್‌ವರ್ಡ್ ಕೇಳಿದಾಗ ಮುಂದೆ ಹೋಗಲು ದಾರಿಯೇ ಇಲ್ಲ.

ತಂದ ಅಂಗಡಿಗೆ ಫೋನ್ ಮಾಡಿದೆ. "ಕೀಬೋರ್ಡ್ ಹೋಗಿದೆ ಮೇಡಂ, ಚೇಂಜ್ ಮಾಡ್ಬೇಕು, 2,200 ಆಗುತ್ತೆ, ಎರಡು ದಿನ ಬಿಟ್ಟು ಹೋಗಿ" ಅಂದರು. ಆದರೆ ವಿಂಡೋಸ್‌ಗೆ ವಾಪಸ್ ಹೋದರೆ ಎಲ್ಲ ಕೀಗಳೂ ಸರಿ. ಇದನ್ನು ಟೈಪ್ ಮಾಡುತ್ತಿರುವುದೂ ಅದೇ ಕೀಬೋರ್ಡಿನಲ್ಲಿ. ಹಾಗಿದ್ದರೆ ಅದು ಹೋಗಿದೆ ಅನ್ನುವುದು ಹೇಗೆ? ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದರಲ್ಲೇ ಮಾಡಬೇಕು. ಅಷ್ಟರೊಳಗೆ ಸರಿ ಆಗುತ್ತದಾ, ದಯವಿಟ್ಟು ಹೇಳಿ.

ಬನಶಂಕರಿ ಎರಡನೇ ಹಂತ

ಸದ್ಯಕ್ಕೆ ಒಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಇನ್‌ಸ್ಟಾಲ್ ಮುಗಿಸಿ. ಬಯಾಸ್‌ನಲ್ಲಿ ಫಾಸ್ಟ್ ಬೂಟ್ ಇದ್ದರೆ ಆಫ್ ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ನೀವು ಹೇಳಿದ ಕಪ್ಪು ಗ್ರಬ್ ಮೆನುವಿನಲ್ಲಿ ಇ ಒತ್ತಿ ಐ8042 ಡಾಟ್ ನೋಪಿಎನ್‌ಪಿ ಸೇರಿಸಿ ನೋಡಿ, ನನಗೆ ಹಿಂದೊಮ್ಮೆ ಅದರಿಂದ ಸರಿ ಹೋಗಿತ್ತು.

ತ್ಯಾಗರಾಜನಗರ ಟರ್ಮಿನಲ್

ಮೇಡಂ, ದುಡ್ಡು ಕೊಡಬೇಡಿ. ಲ್ಯಾಪ್‌ಟಾಪ್ ಬಿಚ್ಚಲೂ ಬಿಡಬೇಡಿ. ನೀವು ಬರೆದಿರುವುದರಲ್ಲೇ ಮುಕ್ಕಾಲು ಪಾಲು ಉತ್ತರ ಇದೆ. ನನ್ನ ಕೆಲಸವೇ ಲಿನಕ್ಸ್ ಸರ್ವರ್‌ಗಳದ್ದು. ಭಾನುವಾರ ನೆಂಟರು, ಸ್ನೇಹಿತರ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಡುತ್ತೇನೆ. ಚೆನ್ನಾಗಿರುವ ಕೀಬೋರ್ಡ್ ಕಿತ್ತು ಹೊಸದು ಹಾಕಿಸಿಕೊಂಡವರನ್ನು ನೋಡಿದ್ದೇನೆ, ಹೊಸದರಲ್ಲೂ ಅದೇ ಕಥೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೀಬೋರ್ಡ್ ಕೆಲಸ ಮಾಡುತ್ತಿಲ್ಲ ಅಂದಾಗ ಮೊದಲು ನೋಡಬೇಕಾದ್ದು ಅದು ಯಾವ ಹಂತದಲ್ಲಿ ನಿಂತಿತು ಅನ್ನುವುದು. ಪವರ್ ಬಟನ್ ಒತ್ತಿದಾಗ ಕೀಬೋರ್ಡ್ ನೋಡಿಕೊಳ್ಳುವುದು ಯುಇಎಫ್‌ಐ ಫರ್ಮ್‌ವೇರ್, ನಾವೆಲ್ಲ ಬಯಾಸ್ ಅನ್ನುತ್ತೇವಲ್ಲ, ಅದು. ನೀವು ಹೇಳಿದ ಕಪ್ಪು ಮೆನು ಗ್ರಬ್. ಅದಕ್ಕೆ ಸ್ವಂತ ಕೀಬೋರ್ಡ್ ಡ್ರೈವರ್ ಬೇಕಿಲ್ಲ, ಫರ್ಮ್‌ವೇರ್ ಓದಿ ಕೊಟ್ಟ ಕೀಗಳನ್ನೇ ತೆಗೆದುಕೊಳ್ಳುತ್ತದೆ. ಎಂಟರ್ ಒತ್ತಿದ ಮೇಲೆ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು, ಏಳುತ್ತದೆ. ಆಗ ಫರ್ಮ್‌ವೇರ್ ಪಕ್ಕಕ್ಕೆ ಸರಿಯುತ್ತದೆ, ಕರ್ನಲ್ ತನ್ನದೇ ಡ್ರೈವರ್ ಇಟ್ಟುಕೊಂಡು ಕೀಬೋರ್ಡನ್ನು ಹೊಸದಾಗಿ ಮಾತಾಡಿಸುತ್ತದೆ. ನಿಮ್ಮದು ನಿಂತಿರುವುದು ಸರಿಯಾಗಿ ಅಲ್ಲೇ. ಬಯಾಸ್ ಪುಟದಲ್ಲೇ ಕೀ ಬೀಳದಿದ್ದರೆ ಒಳಗಿನ ರಿಬ್ಬನ್ ಕೇಬಲ್ ಸಡಿಲ ಆಗಿದೆಯಾ, ಕಾಫಿ ನೀರು ಬಿದ್ದಿದೆಯಾ ಅಂತ ಯೋಚನೆ ಮಾಡಬಹುದಿತ್ತು. ನಿಮ್ಮಲ್ಲಿ ಗ್ರಬ್‌ನಲ್ಲೂ ಸರಿ, ವಿಂಡೋಸ್‌ನಲ್ಲೂ ಸರಿ. ಹಾರ್ಡ್‌ವೇರ್ ಹೋಗಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಟಚ್‌ಪ್ಯಾಡ್ ಓಡುತ್ತದೆ, ಕೀಬೋರ್ಡ್ ಮಾತ್ರ ಇಲ್ಲ, ಯಾಕೆ? ಎರಡೂ ಬರುವ ದಾರಿ ಬೇರೆ. 1984ರ ಐಬಿಎಂ ಪಿಸಿ ಎಟಿಯಲ್ಲಿ ಕೀಬೋರ್ಡ್ ನೋಡಿಕೊಳ್ಳಲು ಇಂಟೆಲ್ 8042 ಅಂತ ಒಂದು ಪುಟ್ಟ ಚಿಪ್ ಇತ್ತು. ಇವತ್ತಿಗೂ ಬಹಳಷ್ಟು ಲ್ಯಾಪ್‌ಟಾಪ್‌ಗಳ ಎಂಬೆಡೆಡ್ ಕಂಟ್ರೋಲರ್ ತಾನೇ ಆ 8042 ಅನ್ನುವ ಹಾಗೆ ಕರ್ನಲ್ ಜೊತೆ ವ್ಯವಹರಿಸುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್ ಹೆಸರೂ ಐ8042 ಅಂತಲೇ ಇದೆ. ಈಗಿನ ಟಚ್‌ಪ್ಯಾಡ್‌ಗಳು ಹೆಚ್ಚಾಗಿ ಐ2ಸಿ ಅನ್ನುವ ಬೇರೆ ತಂತಿಯಲ್ಲಿ ಬರುತ್ತವೆ. ಹೊರಗಿನಿಂದ ಚುಚ್ಚುವ ಕೀಬೋರ್ಡ್ ಯುಎಸ್‌ಬಿ ದಾರಿ. ಅದಕ್ಕೇ ಯುಎಸ್‌ಬಿ ಕೀಬೋರ್ಡ್ ನಿಮ್ಮಲ್ಲಿ ಖಂಡಿತ ಕೆಲಸ ಮಾಡಬೇಕು.

ನೋಪಿಎನ್‌ಪಿ ಸದ್ಯಕ್ಕೆ ಬೇಡ. ಅದು ಬೇರೆ ರೋಗದ ಮದ್ದು. ಮೊದಲು ನಿಮ್ಮ ರೋಗ ಯಾವುದು ಅಂತ ಗೊತ್ತಾಗಲಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು ಮಾತ್ರ ಒಳ್ಳೆಯದು. ಕೀಬೋರ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಫೈಲ್ ಬರೆಯಲು ಆಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ವಿಂಡೋಸ್ 11ರಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ, ಆನ್ ಇದೆಯಾ ನೋಡಿ. ಇದ್ದರೆ ಬಯಾಸ್ ಮುಟ್ಟುವ ಮೊದಲು ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. 48 ಅಂಕಿ ಇರುತ್ತದೆ.

ಎಲ್ಲಿಂದಾದರೂ ಒಂದು ಯುಎಸ್‌ಬಿ ಕೀಬೋರ್ಡ್ ಸಾಲ ತನ್ನಿ. ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಟರ್ಮಿನಲ್ ತೆರೆಯಿರಿ. ಕೆಳಗಿನ ಮೂರು ವಿಷಯ ನೋಡಿ ಹೇಳಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

ಮೊದಲು ಕ್ಯಾಟ್ /ಪ್ರಾಕ್/ಬಸ್/ಇನ್‌ಪುಟ್/ಡಿವೈಸಸ್. ಪಿ-ಆರ್-ಒ-ಸಿ ಪ್ರಾಕ್. ಈ ಪಟ್ಟಿಯಲ್ಲಿ "ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್" ಅನ್ನುವ ಹೆಸರು ಇದೆಯಾ? ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡ್ ಹೀಗೇ ಕಾಣಿಸುತ್ತದೆ.

ಆಮೇಲೆ ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್. ಇದರಲ್ಲಿ 1 ಅಂತ ಶುರುವಾಗಿ ಐ8042 ಅಂತ ಮುಗಿಯುವ ಸಾಲು ಹುಡುಕಿ. ಅಲ್ಲಿರುವ ಸಂಖ್ಯೆ ಗುರುತು ಮಾಡಿಕೊಳ್ಳಿ. ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡಿನಲ್ಲಿ ಒಂದಷ್ಟು ಕೀ ಒತ್ತಿ. ಯುಎಸ್‌ಬಿ ಕೀಬೋರ್ಡಿನಲ್ಲಿ ಅದೇ ಕಮಾಂಡ್ ಮತ್ತೆ ಕೊಡಿ. ಸಂಖ್ಯೆ ಏರಿತಾ?

ಕೊನೆಗೆ ಸುಡೊ ಡಿಎಂಇಎಸ್‌ಜಿ. ಹೀಗೆ ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಸೆಷನ್‌ನಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಪುಟಗಟ್ಟಲೆ ಬರುತ್ತದೆ, ಹೆದರಬೇಡಿ. ಕಂಟ್ರೋಲ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿ "ಓವರ್‌ರೈಡ್" ಅಂತ ಹುಡುಕಿ. ಐಆರ್‌ಕ್ಯೂ 1 ಅಂತ ಇರುವ ಸಾಲನ್ನು ಇಲ್ಲಿ ಹಾಕಿ.

ಗಣಿತ ಟೀಚರ್, ಹನುಮಂತನಗರ

ಎಷ್ಟು ನಿಧಾನವಾಗಿ ಬಿಡಿಸಿ ಹೇಳಿದ್ದೀರಿ, ತುಂಬಾ ಥ್ಯಾಂಕ್ಸ್. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು ಒಂದು ಹಳೇ ಕೀಬೋರ್ಡ್ ಕೊಟ್ಟರು. ಚುಚ್ಚಿದ ತಕ್ಷಣ ಕೆಲಸ ಮಾಡಿತು.

ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್ ಪಟ್ಟಿಯಲ್ಲಿ ಇದೆ.

ಇಂಟರಪ್ಟ್ಸ್ ಪುಟದಲ್ಲಿ 1ನೇ ಸಾಲಿನಲ್ಲಿ 12 ಕಾಲಂ ಇವೆ. ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡೆ. ಕೊನೆಯಲ್ಲಿ 1-ಎಡ್ಜ್, ಐ8042 ಅಂತಿದೆ. ಲ್ಯಾಪ್‌ಟಾಪ್ ಕೀಬೋರ್ಡಿನಲ್ಲಿ ಎಡಗಡೆಯಿಂದ ಬಲಗಡೆಗೆ ಸಾಲು ಸಾಲಾಗಿ ಎಲ್ಲ ಕೀ ಒತ್ತಿದೆ. ಮತ್ತೆ ನೋಡಿದರೆ 12 ಕಾಲಂನಲ್ಲಿ ಒಂದರಲ್ಲೂ ಒಂದಂಕಿಯೂ ಬದಲಾಗಿಲ್ಲ. ಬೇರೆ ಸಾಲುಗಳಲ್ಲಿ ಸಂಖ್ಯೆಗಳು ಓಡುತ್ತಲೇ ಇವೆ.

ಓವರ್‌ರೈಡ್ ಹುಡುಕಿದಾಗ ಸಿಕ್ಕ ಸಾಲು: ಎಸಿಪಿಐ, ಐಆರ್‌ಕ್ಯೂ 1 ಓವರ್‌ರೈಡ್ ಟು ಎಡ್ಜ್, ಹೈ. ಇದರ ಅರ್ಥ ಏನು? ಸುಮ್ನೆ ಪರಿಹಾರ ಮಾತ್ರ ಹೇಳಬೇಡಿ, ಕಾರಣವೂ ಗೊತ್ತಾಗಬೇಕು ನನಗೆ.

ತ್ಯಾಗರಾಜನಗರ ಟರ್ಮಿನಲ್

ಆ ಒಂದು ಸಾಲಿನಲ್ಲೇ ಎಲ್ಲ ಇದೆ. 12 ಕಾಲಂ ಯಾಕೆ ಅಂದರೆ ನಿಮ್ಮ ಪ್ರೊಸೆಸರ್‌ಗೆ 6 ಕೋರ್, 12 ಥ್ರೆಡ್. ಒಂದೊಂದಕ್ಕೆ ಒಂದು ಕಾಲಂ.

ಕಾರಣ ಹೇಳುತ್ತೇನೆ. ನೀವು ಕೀ ಒತ್ತಿದಾಗ ಕಂಟ್ರೋಲರ್ ಪ್ರೊಸೆಸರ್‌ಗೆ ಒಂದು ಸನ್ನೆ ಕಳಿಸುತ್ತದೆ. ಇದನ್ನೇ ಇಂಟರಪ್ಟ್ ಅನ್ನುವುದು. ಪಿಸಿಯಲ್ಲಿ ಕೀಬೋರ್ಡಿನ ಸನ್ನೆಗೆ ಮೊದಲಿನಿಂದಲೂ 1ನೇ ನಂಬರ್, ಐಆರ್‌ಕ್ಯೂ 1 ಅಂದರೆ ಅದೇ. ಆ ಸನ್ನೆ ಅಂದರೆ ಒಂದು ತಂತಿಯಲ್ಲಿ ವೋಲ್ಟೇಜ್ ಬದಲಾಗುವುದು, ಅಷ್ಟೇ. ಏರಿದರೆ ಸನ್ನೆಯೋ, ಇಳಿದರೆ ಸನ್ನೆಯೋ ಅಂತ ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು. ಹಳೇ ಕಾಲದ ಪದ್ಧತಿಯಲ್ಲಿ 1ನೇ ನಂಬರಿನದು ಎಡ್ಜ್, ಹೈ. ಅಂದರೆ ಏರುವಾಗ. ನಿಮ್ಮ ಲ್ಯಾಪ್‌ಟಾಪ್ ತನ್ನ ಎಸಿಪಿಐ ಕೋಷ್ಟಕದಲ್ಲಿ, ಅಂದರೆ ಯಂತ್ರದಲ್ಲಿ ಏನೇನು ಹೇಗಿದೆ ಅಂತ ಫರ್ಮ್‌ವೇರ್ ಕರ್ನಲ್‌ಗೆ ಕೊಡುವ ಪಟ್ಟಿಯಲ್ಲಿ, "ನನ್ನದು ಲೋ" ಅಂತ ಬರೆದಿಟ್ಟಿದೆ. ಅದು ನಿಜವೂ ಹೌದು. ಆದರೆ ಕರ್ನಲ್ ಅದನ್ನು ಓದಿ, 1ನೇ ನಂಬರ್ ಲೋ ಇರಲು ಸಾಧ್ಯವಿಲ್ಲ, ಕೋಷ್ಟಕದಲ್ಲೇ ಏನೋ ತಪ್ಪಿದೆ ಅಂದುಕೊಂಡು ಹಳೇ ಪದ್ಧತಿಗೆ ಬದಲಾಯಿಸಿಬಿಟ್ಟಿದೆ. ಓವರ್‌ರೈಡ್ ಅಂದರೆ ಅದೇ. ಹಾಗಾಗಿ ಕೀಬೋರ್ಡ್ ಇದೆ ಅಂತ ಕರ್ನಲ್‌ಗೆ ಗೊತ್ತು, ಪಟ್ಟಿಯಲ್ಲಿ ಹೆಸರೂ ಇದೆ, ಆದರೆ ಅದರ ಸನ್ನೆ ಮಾತ್ರ ಕೇಳಿಸುತ್ತಿಲ್ಲ. ನಿಮ್ಮ ಕಾಗದದ ಮೇಲಿನ ಅಂಕಿಗಳು ಅಲುಗದೆ ನಿಂತಿರುವುದು ಇದಕ್ಕೇ.

ಕರ್ನಲ್ ಹೀಗೆ ಮಾಡುವುದಕ್ಕೂ ನ್ಯಾಯ ಇದೆ. ಕೋಷ್ಟಕದಲ್ಲಿ ತಪ್ಪು ಬರೆದಿರುವ ಹಳೇ ಯಂತ್ರಗಳು ನಿಜವಾಗಿಯೂ ಇವೆ. ಅವುಗಳಲ್ಲಿ ಈ ನಿಯಮವೇ ಕೀಬೋರ್ಡ್ ಉಳಿಸಿದ್ದು. ರೈಝೆನ್ 6000 ಸರಣಿ 2022ರಲ್ಲಿ ಬಂದಾಗ ಅಂಥ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಲೋ ಅಂತಿದ್ದದ್ದೇ ಸರಿ ಆಗಿತ್ತು. ಅದೇ ವರ್ಷ ಕರ್ನಲ್‌ನಲ್ಲಿ ಎಎಂಡಿ ಝೆನ್ ಯಂತ್ರಗಳಿಗೆ ಈ ಓವರ್‌ರೈಡ್ ಬಿಟ್ಟುಬಿಡಿ ಅಂತ ತಿದ್ದುಪಡಿ ಬಂತು. ಒಂದಷ್ಟು ಮಾಡೆಲ್‌ಗಳಲ್ಲಿ ಕೀಬೋರ್ಡ್ ಬಂತು, ಸರಿ ಇದ್ದ ಬೇರೆ ಕೆಲವು ಕೆಟ್ಟವು. 2023ರಲ್ಲಿ ಆ ನಿಯಮವನ್ನು ಮತ್ತೆ ಮತ್ತೆ ತಿದ್ದಿದರು. ಕರ್ನಲ್‌ನ ರಿಸೋರ್ಸ್ ಡಾಟ್ ಸಿ ಅನ್ನುವ ಕಡತದಲ್ಲಿ ಇಂಥ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡ್ ಹೆಸರಿನ ಒಂದು ಪಟ್ಟಿಯೇ ಇದೆ. ಒಬ್ಬೊಬ್ಬರು ನಿಮ್ಮ ಹಾಗೇ ತೊಂದರೆ ಹೇಳಿಕೊಂಡಾಗ ಒಂದೊಂದು ಹೆಸರು ಸೇರಿದೆ. ಆ ಪಟ್ಟಿ ಓದುವಾಗೆಲ್ಲ ನನಗೆ ಖುಷಿಯಾಗುತ್ತದೆ. ಎಲ್ಲೋ ಒಬ್ಬರು ಹತ್ತು ನಿಮಿಷ ಕೂತು ಬರೆದ ಒಂದು ವರದಿಯಿಂದ ಅದೇ ಮಾಡೆಲ್ ಇರುವ ಎಲ್ಲರ ಕೀಬೋರ್ಡೂ ಸರಿ ಹೋಗುತ್ತದೆ.

ಈಗ ಮಿಂಟ್ 21.3 ವಿಷಯ. ಅದು ಬಂದದ್ದು 2024ರ ಜನವರಿ. ನೋಡಿದರೆ ಹೊಸದು ಅನ್ನಿಸುತ್ತದೆ. ಆದರೆ ಅದರೊಳಗಿನ ಕರ್ನಲ್ 5.15, ಅದು 2021ರ ಅಕ್ಟೋಬರ್ ಕೊನೆಯದು. ಆಮೇಲಿನ ತಿದ್ದುಪಡಿಗಳಲ್ಲಿ ಕೆಲವು ಮಾತ್ರ ಹಳೇ ಕರ್ನಲ್‌ಗೂ ಬಂದು ಸೇರುತ್ತವೆ. ಆದ್ದರಿಂದ ಲ್ಯಾಪ್‌ಟಾಪ್ 2022ರ ನಂತರದ್ದು ಅಂದರೆ ಡಿಸ್ಟ್ರೋ (ಮಿಂಟ್, ಉಬುಂಟು ಥರದ್ದು) ಬಿಡುಗಡೆ ಆದ ತಾರೀಕು ನೋಡಿದರೆ ಸಾಲದು, ಕರ್ನಲ್ ನಂಬರ್ ನೋಡಬೇಕು. ಮಿಂಟ್ 22ರಲ್ಲಿ 6.8 ಇದೆ, 22.2ರಲ್ಲಿ 6.14.

ನಿಮ್ಮ ವಿಂಡೋಸ್ ಹೇಗೂ ಇದೆ. ಅದರಲ್ಲೇ ಮಿಂಟ್ 22.2 ಸಿನಮನ್ ಐಎಸ್‌ಒ ಇಳಿಸಿಕೊಳ್ಳಿ, ಸುಮಾರು 3 ಜಿಬಿ. ರೂಫಸ್ ಅಥವಾ ಬಲೀನಾ ಎಚರ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹುಡುಗನಿಗೆ ಹೇಳಿ. ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತುವ ಮೊದಲು ಲೈವ್ ಡೆಸ್ಕ್‌ಟಾಪ್‌ನಲ್ಲೇ ಏನಾದರೂ ಟೈಪ್ ಮಾಡಿ ನೋಡಿ. ಬಂದರೆ ಮುಂದೆ ಹೋಗಿ. ಬರದಿದ್ದರೆ ಸುಡೊ ಡಿಎಂಐಡಿಕೋಡ್ ಕೊಟ್ಟು ಬೇಸ್ ಬೋರ್ಡ್ ಭಾಗದಲ್ಲಿ ಪ್ರಾಡಕ್ಟ್ ನೇಮ್ ಏನಿದೆ ಅಂತ ಹೇಳಿ. ಪಟ್ಟಿಯಲ್ಲಿ ಇದೆಯಾ ನಾನು ನೋಡುತ್ತೇನೆ, ಇಲ್ಲದಿದ್ದರೆ ಕರ್ನಲ್‌ನ ತೊಂದರೆಗಳನ್ನು ದಾಖಲಿಸುವ ಬಗ್‌ಝಿಲ್ಲಾ ತಾಣದಲ್ಲಿ ವರದಿ ಬರೆಯಲು ಜೊತೆಗೆ ಕೂರುತ್ತೇನೆ.

ಯಶವಂತಪುರ ಎಪಿಎಂಸಿ ಹಿಂದುಗಡೆ

ಇದೇ ಹುಡುಕುತ್ತಾ ಬಂದೆ. ನನ್ನದು 2017ರ ಇಂಟೆಲ್ ಲ್ಯಾಪ್‌ಟಾಪ್. ವಿಂಡೋಸ್ 11 ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಪೋರ್ಟ್ ಮುಗೀತು. ಅದಕ್ಕೆ ಮಿಂಟ್ 22.2 ಹಾಕಲು ಹೊರಟೆ. ಕರ್ನಲ್ ಹೊಸದೇ, ಆದರೂ ಕೀಬೋರ್ಡ್ ಇಲ್ಲ. ಡಿಎಂಇಎಸ್‌ಜಿಯಲ್ಲಿ "ಐ8042: ಪಿಎನ್‌ಪಿ: ನೋ ಪಿಎಸ್/2 ಕಂಟ್ರೋಲರ್ ಫೌಂಡ್" ಅಂತ ಬರುತ್ತದೆ. ನನಗೂ ಅದೇ ಐಆರ್‌ಕ್ಯೂ ತೊಂದರೆನಾ?

ತ್ಯಾಗರಾಜನಗರ ಟರ್ಮಿನಲ್

ಅಲ್ಲ, ನಿಮ್ಮದು ಬೇರೆ. ಬನಶಂಕರಿಯವರು ಹೇಳಿದ ಮದ್ದು ಇರುವುದು ನಿಮಗೆ. ಕಂಟ್ರೋಲರ್ ಇದೆ ಅಂತ ನಿಮ್ಮ ಫರ್ಮ್‌ವೇರ್ ಎಸಿಪಿಐನಲ್ಲಿ ಹೇಳುತ್ತಿಲ್ಲ, ಕರ್ನಲ್ ಆ ಮಾತು ನಂಬಿ ಸುಮ್ಮನಾಗಿದೆ. ನೋಪಿಎನ್‌ಪಿ ಅಂದರೆ ಫರ್ಮ್‌ವೇರ್ ಕೇಳಬೇಡ, ನೀನೇ ಹೋಗಿ ನೋಡು ಅಂತ. ಗ್ರಬ್ ಮೆನುವಿನಲ್ಲಿ ಮಿಂಟ್ ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಉದ್ದ ಸಾಲಿನಲ್ಲಿ ಕ್ವಯಟ್ ಸ್ಪ್ಲ್ಯಾಶ್ ಆದ ಮೇಲೆ ಒಂದು ಜಾಗ ಬಿಟ್ಟು ಐ8042.ನೋಪಿಎನ್‌ಪಿ ಬರೆಯಿರಿ. ಚುಕ್ಕಿಯ ಅಕ್ಕಪಕ್ಕ ಜಾಗ ಬೇಡ. ಎಫ್10 ಒತ್ತಿ. ಆಗಲೂ ಬರದಿದ್ದರೆ ಅದರ ಜೊತೆಗೆ ಐ8042.ರೀಸೆಟ್, ಐ8042.ನೋಮಕ್ಸ್ ಸೇರಿಸಿ ನೋಡಿ.

ಹೀಗೆ ಬರೆದದ್ದು ಆ ಒಂದು ಬೂಟ್‌ಗೆ ಮಾತ್ರ, ಏನೂ ಕೆಡುವುದಿಲ್ಲ. ಇನ್‌ಸ್ಟಾಲ್ ಆದ ಮೇಲೆ /ಇಟಿಸಿ/ಡಿಫಾಲ್ಟ್/ಗ್ರಬ್ ಕಡತದಲ್ಲಿ ಅದೇ ಕ್ವಯಟ್ ಸ್ಪ್ಲ್ಯಾಶ್ ಪಕ್ಕ ಸೇರಿಸಿ ಸುಡೊ ಅಪ್‌ಡೇಟ್-ಗ್ರಬ್ ಕೊಟ್ಟರೆ ಕಾಯಂ. ಮತ್ತೆ, ಕೀಬೋರ್ಡ್ ಸರಿ ಇದೆ ಅಂತ ಖಾತ್ರಿ ಆಗುವವರೆಗೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ಆರಿಸಬೇಡಿ. ಅದರ ಪಾಸ್‌ವರ್ಡ್ ಕೇಳುವುದು ಡೆಸ್ಕ್‌ಟಾಪ್ ಬರುವ ಮೊದಲೇ. ಪರದೆ ಮೇಲಿನ ಕೀಬೋರ್ಡ್ ಅಲ್ಲಿ ಸಿಗುವುದಿಲ್ಲ.

ಯಶವಂತಪುರ ಎಪಿಎಂಸಿ ಹಿಂದುಗಡೆ

ನೋಪಿಎನ್‌ಪಿ ಒಂದರಿಂದಲೇ ಬಂತು ಸಾರ್! ಇನ್‌ಸ್ಟಾಲ್ ಓಡುತ್ತಿದೆ.

ಗಣಿತ ಟೀಚರ್, ಹನುಮಂತನಗರ

ನನ್ನದೂ ಬಂತು. ಮಿಂಟ್ 22.2 ಲೈವ್ ಡೆಸ್ಕ್‌ಟಾಪ್ ಬಂದ ಕೂಡಲೇ ಕ್ಯಾಪ್ಸ್ ಲಾಕ್ ಒತ್ತಿದೆ, ದೀಪ ಹತ್ತಿತು. ಇಂಟರಪ್ಟ್ಸ್ ಪುಟ ತೆರೆದು ನೋಡಿದರೆ ಈಗ ಐ8042 ಸಾಲಿನ ಸಂಖ್ಯೆ ಏರುತ್ತಿದೆ. ಒಂದು ಕೀಗೆ ಎರಡು ಏರುತ್ತದೆ, ಒತ್ತಿದಾಗ ಒಂದು, ಬಿಟ್ಟಾಗ ಒಂದು ಅಂತ ಕಾಣುತ್ತದೆ, ಸರಿನಾ? ಬಿಟ್‌ಲಾಕರ್ ಆನ್ ಇತ್ತು, ರಿಕವರಿ ಕೀ ಬರೆದಿಟ್ಟುಕೊಂಡೆ. ಅಂಗಡಿಗೂ ಫೋನ್ ಮಾಡಿ ಕೀಬೋರ್ಡ್ ಬೇಡ, ಕಾರಣ ಹೀಗಿದೆ ಅಂತ ಹೇಳಿದೆ. ಇದೇ ಮಾಡೆಲ್ ಬೇರೆಯವರಿಗೂ ಮಾರಿದ್ದಾರಂತೆ. ಈ ಸಾಲುಗಳನ್ನು ಅವರಿಗೆ ವಾಟ್ಸ್ಆ್ಯಪ್ ಮಾಡಿದ್ದೇನೆ.

ಇನ್ನೊಂದೇ ಪ್ರಶ್ನೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಆಗಬೇಕು. ಇನ್‌ಸ್ಟಾಲರ್ ಈಗ ಕೀಬೋರ್ಡ್ ಲೇಔಟ್ ಕೇಳುತ್ತಿದೆ. ಇಲ್ಲೇ ಕನ್ನಡ ಆರಿಸಲಾ?

ತ್ಯಾಗರಾಜನಗರ ಟರ್ಮಿನಲ್

ಎರಡು ಏರುವುದು ಸರಿ, ನೀವು ಹೇಳಿದ ಕಾರಣವೇ.

ಲೇಔಟ್ ಇಲ್ಲಿ ಇಂಗ್ಲಿಷ್ ಯುಎಸ್ ಇರಲಿ. ಕನ್ನಡ ಆರಿಸಿದರೆ ಮುಂದಿನ ಪುಟದಲ್ಲಿ ಯೂಸರ್‌ನೇಮ್ ಕೇಳುವಾಗ ಕನ್ನಡ ಅಕ್ಷರ ಬೀಳುತ್ತದೆ. ಅದಕ್ಕೆ ಬೇಕಿರುವುದು ಇಂಗ್ಲಿಷ್ ಸಣ್ಣ ಅಕ್ಷರ. ಅಲ್ಲಿ ಸಿಕ್ಕಿಕೊಂಡು ಮತ್ತೆ ಕೀಬೋರ್ಡ್ ಕೆಟ್ಟಿತು ಅಂದುಕೊಳ್ಳುವವರು ಜಾಸ್ತಿ.

ಇನ್‌ಸ್ಟಾಲ್ ಆದ ಮೇಲೆ ಸಿಸ್ಟಂ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್‌ಗೆ ಹೋಗಿ ಪ್ಲಸ್ ಒತ್ತಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದರೆ ಕನ್ನಡ ಕಗಪ ಫೊನೆಟಿಕ್ ಸೇರಿಸಿ, ಬೆರಳು ತಾನಾಗಿ ಹೊಂದಿಕೊಳ್ಳುತ್ತದೆ. ಬರೀ ಕನ್ನಡ ಅಂತ ಇರುವುದು ಇನ್‌ಸ್ಕ್ರಿಪ್ಟ್, ಅದು ಬೇರೆ ಜೋಡಣೆ. ಅಲ್ಲೇ ಆಪ್ಶನ್ಸ್‌ನಲ್ಲಿ ಲೇಔಟ್ ಬದಲಾಯಿಸುವ ಕೀ ಯಾವುದು ಅಂತ ಆರಿಸಬಹುದು. ನಾನು ಆಲ್ಟ್ ಮತ್ತು ಶಿಫ್ಟ್ ಇಟ್ಟುಕೊಂಡಿದ್ದೇನೆ. ಲಿಬ್ರೆಆಫೀಸ್‌ನಲ್ಲಿ ಸೂತ್ರ ಬರೆಯುವಾಗ ಇಂಗ್ಲಿಷ್‌ಗೂ ಕನ್ನಡಕ್ಕೂ ಪದೇ ಪದೇ ಓಡಾಡಬೇಕಾಗುತ್ತದೆ, ಎಡಗೈಗೆ ಹತ್ತಿರ ಇದ್ದರೆ ಸುಲಭ.